ಊರಿನ ಹೆಸರು ಬರೆದ ಬಾಟಲಿ

ಅಥವಾ ಆ ಮಾತನ್ನು ಅವಳು ಆಡಿರಲೇ ಇಲ್ಲವೇನೋ. ‘ನಾ ತಗಿಯಂಗಿಲ್ಲ ಸರ್’ ಎಂದು ಮಂಜುಳಾ ಹೇಳಿದ್ದು, ನಾನು ಅವಳ ಪಕ್ಕದಲ್ಲಿ ನಿಂತಿದ್ದು, ವಿಭಾಗದ ಮುಖ್ಯಸ್ಥರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟದ್ದು, ಇಷ್ಟನ್ನೂ ನಾನು ಹೊಸ ಬ್ಯಾಚು ಬಂದಾಗಲೆಲ್ಲ ಹೇಳುತ್ತಿದ್ದೆ. ಹೇಳಿ ಹೇಳಿ ಅದು ನುಣುಪಾಗಿದೆ. ಮೊದಮೊದಲು ಹೇಳುವಾಗ ಕನ್ನಡಕ ಇರಲಿಲ್ಲ ಅನಿಸುತ್ತದೆ. ಯಾವುದೋ ಒಂದು ವರ್ಷ ಅದು ಕಥೆಯೊಳಗೆ ಬಂದು ಕೂತಿತು, ಆಮೇಲೆ ಏಳಲಿಲ್ಲ. ಅವರು ಕನ್ನಡಕ ಹಾಕುತ್ತಿದ್ದರೇ ಎಂಬುದೇ ಈಗ ಸಂಶಯ.

ಪ್ರಯೋಗಾಲಯದಲ್ಲಿ ಒಂದು ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಿದರೆ ಉತ್ತರದ ಮೇಲೆ ನಂಬಿಕೆ ಹೆಚ್ಚುತ್ತದೆ. ನೆನಪಿನ ವಿಷಯದಲ್ಲಿ ಇದು ತಿರುವುಮುರುವು. ಪ್ರತಿ ಸಲ ತೆಗೆದಾಗಲೂ ಅದರ ಮೇಲೆ ನಮ್ಮ ಕೈ ಆಡಿರುತ್ತದೆ. ಕೈಯ ಬೆವರು ಮಾದರಿಗೆ ತಾಗಿದರೆ ಮಾದರಿ ಕೆಟ್ಟಿತು ಎಂದು ಮಕ್ಕಳಿಗೆ ಕಲಿಸಿದವನು ನಾನು. ಇದನ್ನು ಓದುವವರು ಅದೇ ನಿಯಮವನ್ನು ನನಗೂ ಹಚ್ಚಬೇಕು.

ನಾನು ಗದಗಿನ ಒಂದು ಸ್ನಾತಕೋತ್ತರ ಕೇಂದ್ರದಲ್ಲಿ ಪರಿಸರ ರಸಾಯನಶಾಸ್ತ್ರ ಕಲಿಸಿ ನಿವೃತ್ತನಾದವನು. ಯಾವ ಕೇಂದ್ರ ಎಂದು ಬರೆಯುವುದಿಲ್ಲ. ಈಗ ಎಂ.ಎಸ್ಸಿ. ಸೇರಬೇಕೆನ್ನುವ ಮಕ್ಕಳು ಯಾರಿಂದಲೋ ನಂಬರು ಪಡೆದು ಫೋನು ಮಾಡುತ್ತಾರೆ. ‘ಸರ್, ಸ್ಕೋಪ್ ಹೆಂಗೈತ್ರಿ?’ ಸ್ಕೋಪು ಹೇಗಿದೆಯೋ ನನಗೆ ತಿಳಿಯದು. ಕೆಲಸ ಹೇಗಿತ್ತು ಎನ್ನುವುದನ್ನಷ್ಟೇ ಬರೆಯಬಲ್ಲೆ.

ಮೊದಲನೆಯದಾಗಿ, ತೊಳೆಯುವುದು. ಭೂಮಿ ಉಳಿಸುತ್ತೇನೆ ಎಂದುಕೊಂಡು ಬರುವವರಿಗೆ ಇದನ್ನು ಮೊದಲೇ ಹೇಳಿಬಿಡಬೇಕು. ಓದಿನ ಅರ್ಧ ಆಯುಷ್ಯ ಬಾಟಲಿ, ಪಿಪೆಟ್ಟು, ಬ್ಯುರೆಟ್ಟು ತೊಳೆಯುವುದರಲ್ಲೇ ಹೋಗುತ್ತದೆ. ಸೋಪು, ನಲ್ಲಿ ನೀರು, ಆಸಿಡ್, ಕೊನೆಗೆ ಭಟ್ಟಿ ಇಳಿಸಿದ ನೀರು. ಭಟ್ಟಿ ಇಳಿಸುವ ಯಂತ್ರಕ್ಕೆ ನಮ್ಮ ಊರಿನ ನೀರೇ ಶತ್ರು. ಒಳಗಿನ ಕಾಯಿಸುವ ಸುರುಳಿಯ ಮೇಲೆ ಸುಣ್ಣದಂಥ ಬಿಳಿ ಪದರ ಕಟ್ಟಿ ಅದು ಸುಟ್ಟುಹೋಗುತ್ತಿತ್ತು. ರಿಪೇರಿಗೆ ಹುಬ್ಬಳ್ಳಿಯಿಂದ ಜನ ಬರಬೇಕು, ಅವರು ಬರುವವರೆಗೆ ಬ್ಯಾಟರಿ ಅಂಗಡಿಯಿಂದ ಕ್ಯಾನಿನಲ್ಲಿ ನೀರು ತರಿಸುತ್ತಿದ್ದೆವು. ಗಾಡಿಯ ಬ್ಯಾಟರಿಗೆ ಹಾಕುವ ನೀರಿನಲ್ಲಿ ನಾವು ಕುಡಿಯುವ ನೀರಿನ ಸತ್ಯ ಹುಡುಕುತ್ತಿದ್ದೆವು. ಈರಣ್ಣ ಎಂಬ ಹುಡುಗನೊಬ್ಬ, ಲಕ್ಷ್ಮೇಶ್ವರದವನು, ತೊಟ್ಟಿಯ ಮುಂದೆ ನಿಂತು ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದ: ‘ಬಾಂಡೆ ತೊಳಿಯೋದು ಮನ್ಯಾಗೂ ಇತ್ತಲೇ. ಇಲ್ಲಿ ಫೀ ತುಂಬಿ ತೊಳಿಯಾಕತ್ತೇವಿ, ಅಷ್ಟ ಫರಕ.’

ಎರಡನೆಯದು, ಪ್ರಬಂಧದ ವಿಷಯ. ಎಲ್ಲರ ವಿಷಯವೂ ಒಂದೇ: ಇಂಥ ತಾಲೂಕಿನ ಅಂತರ್ಜಲದ ಭೌತ-ರಾಸಾಯನಿಕ ಅಧ್ಯಯನ. ತಾಲೂಕಿನ ಹೆಸರು ಬದಲಾದರೆ ಪ್ರಬಂಧ ಬದಲಾದಂತೆ. ಶಿರಹಟ್ಟಿ ಮುಗಿಯಿತು, ಮುಂಡರಗಿ ಮುಗಿಯಿತು, ಗದಗ ಗ್ರಾಮೀಣ ಮುಗಿಯಿತು, ಇನ್ನೇನು ಮಾಡುವುದು ಎನ್ನುವಾಗ ಲಕ್ಷ್ಮೇಶ್ವರ ಹೊಸ ತಾಲೂಕಾಯಿತು. ಆ ಸುದ್ದಿಗೆ ಲಕ್ಷ್ಮೇಶ್ವರದವರು ಎಷ್ಟು ಖುಷಿಪಟ್ಟರೋ ತಿಳಿಯದು, ನಮ್ಮ ವಿಭಾಗದಲ್ಲಂತೂ ಪೇಢೆ ಹಂಚಿದರು. ಹೊಸ ಶೀರ್ಷಿಕೆ ಸಿಕ್ಕಿತಲ್ಲ. ನೀರು ಹಳೆಯದೇ. ಮುನ್ನುಡಿ, ಮಳೆಯ ವಿವರ, ಬಂಡೆಗಳ ವಿವರ ಹಿಂದಿನ ಬ್ಯಾಚಿನ ಪೆನ್ ಡ್ರೈವಿನಿಂದ ಮುಂದಿನ ಬ್ಯಾಚಿಗೆ ಇಳಿದು ಬರುತ್ತಿದ್ದವು. ಶಿರಹಟ್ಟಿಯ ಪ್ರಬಂಧದೊಳಗೆ ‘ಮುಂಡರಗಿ’ ಎಂಬ ಶಬ್ದ ಅಳಿಸದೆ ಉಳಿದುಕೊಂಡದ್ದನ್ನು ನಾನು ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ಹಾಕಿ ಬೇಸತ್ತೆ. ಆ ಪ್ರಬಂಧಗಳು ಹೇಳುವುದೂ ಒಂದೇ: ನೀರಿನಲ್ಲಿ ಫ್ಲೋರೈಡ್ ಹೆಚ್ಚು, ಹಲ್ಲು ಕಂದುಗಟ್ಟುತ್ತವೆ, ಎಲುಬು ಬಾಗುತ್ತವೆ, ಸರಕಾರ ಗಮನ ಹರಿಸಬೇಕು. ಕಪಾಟಿನ ತುಂಬ ಇದೇ ವಾಕ್ಯ ಚಿನ್ನದ ಅಕ್ಷರದ ರಟ್ಟಿನೊಳಗೆ ಕೂತಿದೆ. ಇದನ್ನು ಓದಿ ಸರಕಾರ ಗಮನ ಹರಿಸಿತೆಂದು ನನಗೆ ಯಾರೂ ಹೇಳಿಲ್ಲ.

ವಿಧಾನಗಳು ಬದಲಾದದ್ದು ನಿಜ. ನಾನು ವಿದ್ಯಾರ್ಥಿಯಾಗಿದ್ದಾಗ ಫ್ಲೋರೈಡನ್ನು ಕಣ್ಣಿನಿಂದ ಅಳೆಯುತ್ತಿದ್ದೆವು. ನೀರಿಗೆ ಒಂದು ಕೆಂಪು ದ್ರಾವಣ ಹಾಕಬೇಕು. ಫ್ಲೋರೈಡ್ ಇದ್ದಷ್ಟೂ ಕೆಂಪು ಮಾಸುತ್ತದೆ. ಗೊತ್ತಿರುವ ಪ್ರಮಾಣದ ಕೊಳವೆಗಳನ್ನು ಸಾಲಾಗಿಟ್ಟು, ಕಿಟಕಿಯ ಬೆಳಕಿಗೆ ಹಿಡಿದು, ಇದು ಅದರಂತಿದೆಯೋ ಇದರಂತಿದೆಯೋ ಎಂದು ನೋಡುವುದು. ಆಮೇಲೆ ಬಣ್ಣ ಅಳೆಯುವ ಯಂತ್ರ ಬಂತು. ಅದರಾಚೆ, ನೀರಿನಲ್ಲಿ ಅದ್ದಿದರೆ ಸಾಕು, ಅಂಕಿ ತೋರಿಸುವ ಕಡ್ಡಿ ಬಂತು. ಕಣ್ಣು ತಪ್ಪುತ್ತಿತ್ತು, ಆದರೆ ಕಣ್ಣಿಗೆ ತಾನು ತಪ್ಪಬಹುದೆಂಬ ಅಂಜಿಕೆ ಇತ್ತು. ಅಂಕಿ ಬಂದ ಮೇಲೆ ಆ ಅಂಜಿಕೆ ಹೋಯಿತು.

ಈರಣ್ಣ ಒಂದು ಸಲ ಈ ಬಣ್ಣವನ್ನು ಪೂರಾ ತಿರುವಿಹಾಕಿ ಓದಿದ. ಕೆಂಪು ಮಾಸಿದರೆ ನೀರು ಶುದ್ಧ ಎಂದುಕೊಂಡ. ಅವನ ಕೋಷ್ಟಕದಲ್ಲಿ ಕೆಟ್ಟ ಊರುಗಳೆಲ್ಲ ಒಳ್ಳೆಯವಾದವು, ಒಳ್ಳೆಯವೆಲ್ಲ ಕೆಟ್ಟವಾದವು. ಮುಖ್ಯಸ್ಥರು ನೋಡಿ ‘ವೆರಿ ಗುಡ್’ ಎಂದು ಸಹಿ ಮಾಡಿ ಕಳಿಸಿದರು. ನಾನು ಕರೆದು ಕೇಳಿದರೆ ಈರಣ್ಣ ತಲೆ ಕೆರೆದುಕೊಂಡು, ‘ತೆಳ್ಳಗ, ತಿಳಿ ಕಂಡ್ರ ಚಲೋ ನೀರು ಅಂತ ನಮ್ಮವ್ವ ಹೇಳತಾಳ್ರಿ ಸರ್’ ಎಂದ. ನಗು ಬಂತು. ನಕ್ಕ ಮೇಲೆ ಸಿಟ್ಟು ಬಂತು, ಅವನ ಮೇಲಲ್ಲ.

ಮುಖ್ಯಸ್ಥರನ್ನು ನಾವು ದೊಡ್ಡ ಸರ್ ಎನ್ನುತ್ತಿದ್ದೆವು. ಕೆಟ್ಟವರಲ್ಲ. ವಿದ್ಯಾರ್ಥಿಗಳ ಮದುವೆಗೆ ತಪ್ಪದೆ ಹೋಗುತ್ತಿದ್ದರು, ಯಾರಿಗಾದರೂ ಆರಾಮಿಲ್ಲ ಎಂದರೆ ತಮ್ಮ ಕಾರಿನಲ್ಲೇ ದವಾಖಾನೆಗೆ ಒಯ್ಯುತ್ತಿದ್ದರು. ಆದರೆ ಅವರಿಗೊಂದು ಚಟ: ಸರಳರೇಖೆ. ಗ್ರಾಫ್ ಹಾಳೆಯ ಮೇಲೆ ಬಿಂದುಗಳು ಗೆರೆಯ ಮೇಲೆಯೇ ಕೂಡಬೇಕು. ‘ಬಿಂದು ಗೆರಿ ಬಿಟ್ಟು ಹೋಗೇತಿ ಅಂದ್ರ ನೀರಿನ ತಪ್ಪಲ್ಲ, ಪಿಪೆಟ್ ಹಿಡದ ಕೈ ತಪ್ಪು’ ಎನ್ನುವರು. ಮಕ್ಕಳು ಬೇಗ ಕಲಿತರು. ಗೆರೆ ಬಿಟ್ಟ ಬಿಂದುವನ್ನು ಪೆನ್ಸಿಲಿನಲ್ಲೇ ಮನೆಗೆ ಮರಳಿ ತರುವುದು ಅಲ್ಲಿ ಕಲಿಸದೇ ಬರುತ್ತಿದ್ದ ವಿದ್ಯೆ.

ಅವರದೊಂದು ಸಿದ್ಧಾಂತವೂ ಇತ್ತು. ಕಪ್ಪತಗುಡ್ಡದಿಂದ ದೂರ ಹೋದಷ್ಟೂ ನೀರಿನಲ್ಲಿ ಫ್ಲೋರೈಡ್ ಇಳಿಯುತ್ತ ಹೋಗುತ್ತದೆ ಎಂಬುದು ಅವರ ವಾದ. ಆ ವಾದಕ್ಕೆ ಮುಂಡರಗಿ ತಾಲೂಕಿನ ಸಾಲಾದ ಕೆಲವು ಊರುಗಳ ನೀರು ಬೇಕಿತ್ತು. ಮಂಜುಳಾ ಆ ಕೆಲಸಕ್ಕೆ ಸಿಕ್ಕಳು. ಮಾರ್ಗದರ್ಶಕ ನಾನು. ಅದೇ ವರ್ಷ ಶುದ್ಧ ನೀರಿನ ಘಟಕ ಯಾವ ಊರಿಗೆ ಮೊದಲು ಕೊಡಬೇಕು ಎಂದು ಸಲಹೆ ಕೇಳಲು ಕರೆದ ಸಮಿತಿಯೊಂದರಲ್ಲಿ ದೊಡ್ಡ ಸರ್ ಇದ್ದರು. ಮಂಜುಳಾಳ ಕೋಷ್ಟಕವನ್ನೇ ಅಲ್ಲಿಡುವುದಾಗಿ ಹೇಳಿದ್ದರು. ಎಂ.ಎಸ್ಸಿ. ಹುಡುಗಿಯ ಕೋಷ್ಟಕ ಯಾರಾದರೂ ಓದುತ್ತಾರೆ ಎಂದರೆ ನಮ್ಮಲ್ಲಿ ಅದೇ ಮೊದಲು.

ಮಂಜುಳಾ ಮುಳಗುಂದದವಳು. ದಿನಾ ಬಸ್ಸಿನಲ್ಲಿ ಬಂದುಹೋಗುವಳು. ಮಾತು ಕಡಿಮೆ, ಬ್ಯುರೆಟ್ಟಿನ ಹನಿ ನಿಲ್ಲಿಸುವುದರಲ್ಲಿ ಅವಳದು ಎತ್ತಿದ ಕೈ. ನೀರು ತರಲು ಗದಗಿನಿಂದ ಮುಂಡರಗಿಗೆ ಒಂದು ಬಸ್ಸು, ಅಲ್ಲಿಂದ ಊರುಗಳಿಗೆ ಟಂಟಂ ಆಟೋ. ಸಾಲಿನ ಕೊನೆಯ ಊರು ಗುಡ್ಡದಿಂದ ಎಲ್ಲಕ್ಕಿಂತ ದೂರ. ಅದರ ಹೆಸರನ್ನೂ ಬರೆಯುವುದಿಲ್ಲ, ಯಾಕೆಂದು ಮುಂದೆ ತಿಳಿಯುತ್ತದೆ.

ಬೋರಿನ ನೀರನ್ನು ಬೋರಿನ ಬಾಯಲ್ಲೇ ಹಿಡಿಯಬೇಕು. ಪಂಪು ಸ್ವಲ್ಪ ಹೊತ್ತು ಓಡಿ, ಪೈಪಿನ ಹಳೆ ನೀರು ಹೋದ ಮೇಲೆ, ಅದೇ ನೀರಿನಲ್ಲಿ ಬಾಟಲಿ ಮೂರು ಸಲ ಗಲಬರಿಸಿ ತುಂಬಬೇಕು. ಪುಸ್ತಕದಲ್ಲಿ ಹೀಗಿದೆ. ಪುಸ್ತಕ ಬರೆದವರ ಊರಲ್ಲಿ ತ್ರೀ ಫೇಸ್ ಕರೆಂಟು ಯಾವಾಗ ಬರುತ್ತದೋ ಎಂದು ಕಾಯುವ ಪಾಡು ಇರಲಿಲ್ಲ. ಮಂಜುಳಾ ಹೋದಾಗಲೆಲ್ಲ ಆ ಕೊನೆಯ ಊರಲ್ಲಿ ಕರೆಂಟಿಲ್ಲ. ಕಾದು ಕೂತರೆ ವಾಪಸು ಟಂಟಂ ತಪ್ಪುತ್ತದೆ. ಹೆಣ್ಣುಹುಡುಗಿ ಹೊತ್ತು ಮುಳುಗಿದ ಮೇಲೆ ಬಂದರೆ ಅವರ ಅಪ್ಪ ಓದೇ ಬಿಡಿಸಿಯಾನು. ಬೋರಿನ ಹತ್ತಿರ ಗಂಗವ್ವ ಎಂಬ ಮುದುಕಿಯ ಮನೆ. ಆಕೆ ತಾನಾಗಿ ಹೇಳಿದಳಂತೆ: ‘ಬಾಟ್ಲಿ ಇಟ್ಟು ಹೋಗವಾ. ಕರೆಂಟ್ ಬಂದಾಗ ನಾವ ತುಂಬಿಡ್ತೀವಿ. ನಾಳೆ ಬಂದು ಒಯ್ಯಿ.’ ಮಂಜುಳಾ ಹೇಗೆ ತುಂಬಬೇಕು ಎಂದು ಎಲ್ಲ ಹೇಳಿಕೊಟ್ಟು, ಬಾಟಲಿಗಳ ಮೇಲೆ ಊರಿನ ಹೆಸರು ದೊಡ್ಡದಾಗಿ ಬರೆದು, ಇಟ್ಟು ಬಂದಳು. ಮರುದಿನ ತುಂಬಿದ ಬಾಟಲಿಗಳು ಹೊಸ್ತಿಲ ಮೇಲೆ ಸಾಲಾಗಿ ಕಾಯುತ್ತಿದ್ದವು.

ಆ ಊರಿನ ಅಂಕಿ ಎಲ್ಲಕ್ಕಿಂತ ಕಡಿಮೆ ಬಂತು. ಕೊನೆಯ ಬಿಂದು ಗೆರೆಯ ತುದಿಯಲ್ಲಿ ಹೋಗಿ ಕೂತಿತು, ಅಲ್ಲೇ ಹುಟ್ಟಿದ್ದೆನ್ನುವಂತೆ. ದೊಡ್ಡ ಸರ್ ಗ್ರಾಫನ್ನು ತಮ್ಮ ಕೋಣೆಯ ಗೋಡೆಗೆ ಅಂಟಿಸಿದರು. ಆ ಊರಿಗೆ ಘಟಕ ಬೇಕಿಲ್ಲ ಎಂಬುದು ಅಲ್ಲಿಗೆ ಖಾತ್ರಿಯಾಯಿತು.

ಮಂಜುಳಾ ಫೋಟೋ ತೆಗೆಯಲೆಂದು ಮತ್ತೊಮ್ಮೆ ಹೋಗಿ ಬಂದು ನನ್ನ ಮೇಜಿನ ಮುಂದೆ ನಿಂತಳು.

‘ಸರ್, ಆ ಊರಾಗ ನಕ್ಕವ್ರೆಲ್ಲ ಬಾಯಿಗೆ ಕೈ ಅಡ್ಡ ಹಿಡೀತಾರ್ರಿ.’

‘ಅಂದ್ರ?’

‘ಫೋಟೋಕ್ಕ ನಗ್ರಿ ಅಂದ್ರ ಹುಡಿಗ್ಯಾರು ವೇಲ್ ಮುಚ್ಚಿಕೊಂಡ್ರು. ಒಬ್ಬಾಕಿ ಮರತು ನಕ್ಕಳು. ಹಲ್ಲು ಕಂದಾಗ್ಯಾವ್ರಿ ಸರ್. ನಮ್ಮ ಟೇಬಲ್ ಒಂದು ಹೇಳತೈತಿ, ಹಲ್ಲು ಬ್ಯಾರೆ ಹೇಳತಾವು.’

ಇನ್ನೊಂದು ಅಂಕಿಯೂ ಕಣ್ಣಿಗೆ ಚುಚ್ಚುತ್ತಿತ್ತು. ಆ ನೀರಿನಲ್ಲಿ ಕರಗಿದ ಲವಣ ತೀರ ಕಡಿಮೆ. ನಮ್ಮ ಸೀಮೆಯ ಬೋರಿನ ನೀರು ಅಷ್ಟು ಹಗುರ ಇರುವುದಿಲ್ಲ. ನಡಿ ಹೋಗಿ ನೋಡೋಣ ಎಂದೆ. ಇಬ್ಬರೂ ಹೋದೆವು. ಇಲ್ಲಿಯವರೆಗೆ ನನ್ನ ನೆನಪಿನ ಮೇಲೆ ನನಗೆ ಸಾಕಷ್ಟು ಭರವಸೆಯಿದೆ, ಯಾಕೆಂದರೆ ಇದರಲ್ಲಿ ನನಗೆ ಲಾಭವೂ ಇಲ್ಲ ನಷ್ಟವೂ ಇಲ್ಲ.

ಗಂಗವ್ವನ ಮನೆಯ ಕಟ್ಟೆಯ ಮೇಲೆ ಕೂತೆವು. ಪಕ್ಕದ ಮನೆಯ ಹೆಂಗಸೊಬ್ಬಳು ಕುಸುಬಿ ಹಸನು ಮಾಡುತ್ತ ಅಲ್ಲೇ ಇದ್ದಳು.

‘ಯವ್ವಾ, ಬಾಟಲ್ಯಾಗ ಬೋರಿನ ನೀರು ತುಂಬ್ರಿ ಅಂತ ಹೇಳಿದ್ನೆಲ್ಲಾ?’ ಎಂದಳು ಮಂಜುಳಾ.

‘ಹೇಳಿದ್ದಿ.’

‘ಕರೆಂಟ್ ಬಂದ ಮ್ಯಾಲ ತುಂಬಿದ್ರಿಲ್ಲ?’

‘ಮೊದ್ಲ ನೀರು ಕುಡೀರಿ. ಸಾಹೇಬ್ರು ಬಿಸಲಾಗ ಬಂದಾರ.’ ಗಂಗವ್ವ ಎದ್ದುಹೋಗಿ ಒಂದು ತಾಟಿನಲ್ಲಿ ಬೆಲ್ಲ, ಎರಡು ತಂಬಿಗೆ ನೀರು ತಂದಿಟ್ಟಳು. ಕುಡಿದೆ. ಉಪ್ಪಿಲ್ಲ, ಸವಳಿಲ್ಲ. ಮೆತ್ತಗಿನ ನೀರು, ಸ್ವಲ್ಪ ಮಣ್ಣಿನ ವಾಸನೆ.

‘ಇದು ಯಾವ ನೀರ್ರಿ ಯವ್ವಾ?’ ಎಂದೆ.

‘ಕೆರೀದು. ನಮ್ಮೂರಾಗಿನ ಕೆರಿ ಅಲ್ಲ ಮತ್ತ. ಆಚಿ ಊರಿಂದ ಗಾಡ್ಯಾಗ ಬರತೈತಿ. ಬಾಣಂತಿ ಇದ್ರ, ಯಾರರ ಬಂದ್ರ ಇದನ್ನ ಕೊಡೂದು. ಬಂದವ್ರಿಗೆ ಬೋರಿನ ನೀರು ಕೊಡಾಕ ನಾವೇನು ಮನಷ್ಯಾರಲ್ಲೇನ್ರಿ?’

‘ನೀವು ದಿನಾ ಕುಡಿಯೂದು?’

‘ಬೋರಿಂದ. ಮತ್ತ್ಯಾವುದೈತಿ?’

ಮಂಜುಳಾ ನನ್ನ ಕಡೆ ನೋಡಲಿಲ್ಲ. ತಂಬಿಗೆಯನ್ನೇ ನೋಡುತ್ತ ಕೇಳಿದಳು: ‘ಬಾಟಲ್ಯಾಗ ತುಂಬಿದ್ದು?’

‘ಅಲ್ಲವಾ, ಅದರ ಮ್ಯಾಲ ನಮ್ಮೂರ ಹೆಸರು ಬರದಿದ್ದಿ. ಮೊಮ್ಮಗಳು ಓದಿ ಹೇಳಿದ್ಲು. ಊರ ಹೆಸರು ಹೊತ್ತು ದೊಡ್ಡ ಸಾಲಿಗೆ ಹೋಗು ಬಾಟ್ಲ್ಯಾಗ ಸವಳ ನೀರು ತುಂಬಿ ಕಳಸ್ತಾರೇನು? ಧೋತರದ ತುಂಡು ಹಾಕಿ, ಎರಡೆರಡು ಸರ್ತಿ ಸೋಸಿ ತುಂಬೇನಿ. ನೀ ಹೇಳಿದಂಗ ಮೂರು ಸಲ ಗಲಬರಸೇನಿ.’

ಕುಸುಬಿಯ ಹೆಂಗಸು ತಲೆ ಎತ್ತದೆ ಅಂದಳು: ‘ಅಕಿ ನಮಗೂ ಕೊಡಂಗಿಲ್ರಿ ಆ ನೀರು. ನೆಗಡಿ ಬಂದೈತಿ ಒಂದು ಲೋಟ ಕೊಡಬೇ ಅಂದ್ರ ಬಾಗಲಾ ಹಾಕೋತಾಳ. ನಿಮ್ಮ ಬಾಟ್ಲಿ ಪುಣ್ಯಾ ಮಾಡಿದ್ವು.’

‘ನೀ ಸುಮ್ಕಿರಲೇ, ನಿನ್ನ ನೆಗಡಿ ವರ್ಷಾನಗಟ್ಟಲೆ ಐತಿ,’ ಎಂದಳು ಗಂಗವ್ವ.

ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿದ್ದರು, ನೀರೊಂದನ್ನು ಬಿಟ್ಟು. ಇಂಥ ತಪ್ಪನ್ನು ಯಾವ ಪುಸ್ತಕದ ಯಾವ ಅಧ್ಯಾಯದಲ್ಲೂ ನಾನು ಓದಿರಲಿಲ್ಲ. ಬಾಟಲಿ ಸರಿಯಾಗಿ ತೊಳೆಯದಿದ್ದರೆ ಹೀಗಾಗುತ್ತದೆ, ಬಿಸಿಲಲ್ಲಿಟ್ಟರೆ ಹಾಗಾಗುತ್ತದೆ ಎಂದು ಬರೆದಿರುತ್ತಾರೆ. ತುಂಬುವವರು ಮರ್ಯಾದಸ್ಥರಾಗಿದ್ದರೆ ಏನಾಗುತ್ತದೆ ಎಂದು ಬರೆದಿಲ್ಲ.

ಅದು ಬರೀ ಮರ್ಯಾದೆಯೇ ಆಗಿತ್ತೇ ಎಂಬುದೂ ನನಗೆ ಸ್ಪಷ್ಟವಿಲ್ಲ. ಮಧ್ಯಾಹ್ನ ಕರೆಂಟು ಬಂದು, ನಾವು ಬೋರಿನ ಬಾಯಲ್ಲೇ ನೀರು ಹಿಡಿದು ಹೊರಟಾಗ, ಗಂಗವ್ವ ಮಂಜುಳಾಳ ಮುಂಗೈ ಹಿಡಿದುಕೊಂಡಳು.

‘ಯವ್ವಾ, ಈಗ ಖರೆ ಬರದ್ರ, ನಮ್ಮೂರ ಹುಡಿಗ್ಯಾರ್ನ ಯಾರು ಕೇಳಾಕ ಬರ್ತಾರ? ಈಗ ಬಂದವ್ರು ಮೊದ್ಲ ಬಾಯಿ ನೋಡ್ತಾರ.’

‘ಬರೀದಿದ್ರ ಇಲ್ಲಿಗೆ ಚಲೋ ನೀರಿನ ಮಷೀನ್ ಬರಂಗಿಲ್ಲ ಯವ್ವಾ.’

‘ಹೆಸರಿಲ್ಲದ ಬರಿ.’

‘ಹೆಸರಿಲ್ಲಂದ್ರ ಮಷೀನ್ ಯಾವ ಊರಿಗೆ ಕಳಸ್ಬೇಕವಾ ಅವರು?’

ಮುದುಕಿ ಕೈ ಬಿಟ್ಟಳು. ಬಿಟ್ಟಳು ಎಂದರೆ ಒಪ್ಪಿದಳೆಂದೋ, ಸಿಟ್ಟಾದಳೆಂದೋ? ನಾನು ಆಗ ಬಾಟಲಿಗಳನ್ನು ಚೀಲದಲ್ಲಿಡುತ್ತಿದ್ದೆ, ಮುಖ ನೋಡಲಿಲ್ಲ.

ಮರುದಿನ ಪ್ರಯೋಗಾಲಯದಲ್ಲಿ ಮಂಜುಳಾ ಆ ನೀರಿಗೆ ಕೆಂಪು ದ್ರಾವಣ ಹಾಕಿದಳು. ಯಂತ್ರದೊಳಗೆ ಇಡುವ ಅಗತ್ಯವೇ ಇರಲಿಲ್ಲ. ಕೆಂಪು ಹೆಚ್ಚೂಕಡಿಮೆ ಹೋಗಿಬಿಟ್ಟಿತ್ತು. ಸಾಲಿನಲ್ಲಿ ಎಲ್ಲಕ್ಕಿಂತ ಕೆಟ್ಟ ನೀರು ಕೊನೆಯ ಊರಿನದೇ. ಗೆರೆಯ ತುದಿಯ ಬಿಂದು ಎದ್ದು ಹಾಳೆಯ ನೆತ್ತಿಗೆ ಹೋಯಿತು. ದೊಡ್ಡ ಸರ್ ಅವರ ಸಿದ್ಧಾಂತ ಅಲ್ಲಿಗೆ ಮುಗಿಯಬೇಕಿತ್ತು. ಅವಳು ಪ್ರಬಂಧದಲ್ಲಿ ಎರಡು ಕೋಷ್ಟಕ ಹಾಕಿದಳು. ಮೊದಲನೆಯದು ಮನೆಯವರು ತುಂಬಿಕೊಟ್ಟ ನೀರು, ಎರಡನೆಯದು ಬೋರಿನ ಬಾಯಲ್ಲಿ ಹಿಡಿದದ್ದು. ನಡುವೆ ಯಾಕೆ ಹೀಗಾಯಿತೆಂದು ಒಂದು ಪುಟ. ಆ ಕಪಾಟಿನಲ್ಲಿರುವ ಎಲ್ಲ ಪ್ರಬಂಧಗಳಲ್ಲಿ ಬೇರೆಯವರ ಪೆನ್ ಡ್ರೈವಿನಿಂದ ಬಾರದ ಒಂದೇ ಒಂದು ಪುಟ ಅದು ಎಂದು ನನ್ನ ಅಂದಾಜು.

ಈಗ ದೊಡ್ಡ ಸರ್ ಕೋಣೆ.

ಹೊಸ ಬ್ಯಾಚುಗಳಿಗೆ ನಾನು ಹೇಳುತ್ತಿದ್ದ ಪ್ರಕಾರ ಅಲ್ಲಿ ನಡೆದದ್ದು ಹೀಗೆ. ದೊಡ್ಡ ಸರ್ ಪ್ರಬಂಧ ತಿರುವಿ, ‘ಮುದುಕಿ ಮಾತು ಕೇಳಿ ಡೇಟಾ ಬದಲಿ ಮಾಡ್ತೀಯೇನವಾ?’ ಎಂದರು. ‘ಮಾತು ಕೇಳಿ ಅಲ್ರಿ ಸರ್, ನೀರು ತಂದು ನೋಡೇನಿ,’ ಎಂದಳು ಮಂಜುಳಾ. ‘ಒಬ್ಬ ಮನಷ್ಯಾಗ ಎರಡು ಜಾತಕ ಇರತಾವೇನು? ಹೊರಗಿನ ಪರೀಕ್ಷಕರು ನಗ್ತಾರ. ಎರಡನೇದ್ದು ತಗಿ,’ ಎಂದರು. ‘ನಾ ತಗಿಯಂಗಿಲ್ಲ ಸರ್.’ ಆಗ ನಾನು ಮುಂದೆ ಬಂದು, ‘ತಗಿಯೂದಾದ್ರ ಮೊದಲನೇದ್ದು ತಗೀಬೇಕ್ರಿ ಸರ್’ ಎಂದೆ. ಕನ್ನಡಕ ಮೇಜಿನ ಮೇಲೆ ಬಂತು.

ಇಲ್ಲಿಗೆ ನಿಲ್ಲಿಸುತ್ತಿದ್ದೆ. ಮಕ್ಕಳ ಕಣ್ಣು ಹೊಳೆಯುತ್ತಿದ್ದವು. ಮುಂದೇನಾಯಿತು ಎಂದು ಒಬ್ಬರೂ ಕೇಳಲಿಲ್ಲ. ಅಷ್ಟು ಚಂದದ ಜಾಗದಲ್ಲಿ ನಿಂತ ಕಥೆಗೆ ಮುಂದು ಎಂಬುದೊಂದಿರುತ್ತದೆ ಎಂದು ಅವರಿಗೆ ಹೊಳೆಯಲಿಲ್ಲ.

ಮುಂದೆ ಆದದ್ದು ಇಷ್ಟು. ಪ್ರಬಂಧ ರಟ್ಟು ಹಾಕಿಸಿಕೊಂಡು ಬಂದಾಗ ಅದರಲ್ಲಿ ಒಂದೇ ಕೋಷ್ಟಕವಿತ್ತು. ಮೊದಲನೆಯದು. ನಡುವಿನ ಪುಟ ಇರಲಿಲ್ಲ. ಮಾರ್ಗದರ್ಶಕನ ಜಾಗದಲ್ಲಿ ನನ್ನ ಸಹಿ ಇತ್ತು, ನನ್ನದೇ ಸಹಿ, ಯಾರೂ ನಕಲು ಮಾಡಿದ್ದಲ್ಲ. ಹೊರಗಿನ ಪರೀಕ್ಷಕರು ಗೆರೆಯನ್ನು ಹೊಗಳಿದರು. ಮಂಜುಳಾಳಿಗೆ ಒಳ್ಳೆಯ ಅಂಕ ಬಂತು. ಘಟಕ ಗುಡ್ಡದ ಹತ್ತಿರದ ಬೇರೆ ಊರಿಗೆ ಹೋಯಿತು. ಅಲ್ಲಿಯ ನೀರೂ ಕೆಟ್ಟದ್ದೇ, ಹಾಗಾಗಿ ಯಾರಿಗೂ ಅನ್ಯಾಯವಾಯಿತು ಎಂದು ಎದ್ದು ಕೂಗುವಂತೆಯೂ ಇರಲಿಲ್ಲ. ಇಂಥ ಅನ್ಯಾಯಗಳಿಗೆ ಒಂದು ಸುಖವಿದೆ, ಅವು ಕಣ್ಣಿಗೆ ಕಾಣುವುದಿಲ್ಲ.

ಆ ಪುಟ ಹೇಗೆ ಹೋಯಿತು ಎಂದು ನಾನು ಬಹಳ ಕಾಲ ಹೆಚ್ಚು ಯೋಚಿಸಲಿಲ್ಲ. ದೊಡ್ಡ ಸರ್ ಅವಳನ್ನು ಮತ್ತೆ ಕರೆದು ಹೆದರಿಸಿರಬೇಕು, ಸಹಿಗೆ ಬಂದ ಪ್ರತಿಯನ್ನು ನಾನು ತೆರೆದು ನೋಡಿರಲಿಕ್ಕಿಲ್ಲ, ಹೀಗೆ ಅಂದುಕೊಂಡಿದ್ದೆ. ಅಂದುಕೊಂಡದ್ದೇ ಆದದ್ದು ಎಂದು ಆಮೇಲೆ ಅನಿಸತೊಡಗಿತು.

ಬದುಕು ಮುಂದೆ ಹೋಯಿತು. ಈರಣ್ಣ ಖಾಸಗಿ ಪ್ರಯೋಗಾಲಯವೊಂದರಲ್ಲಿ ಕೆಲಸಕ್ಕೆ ಸೇರಿದ. ಕಾರ್ಖಾನೆಗಳ ಹೊಲಸು ನೀರು ಪರೀಕ್ಷೆ ಮಾಡಿ ವರದಿ ಕೊಡುವ ಕೆಲಸ. ಒಂದು ದಿನ ಫೋನು ಮಾಡಿದ.

‘ಸರ್, ಪಾರ್ಟಿಯವ್ರು ರಿಪೋರ್ಟ್ ಮಿತಿ ಒಳಗ ಬೇಕಂತಾರ್ರಿ.’

‘ನೀನ ಹೋಗಿ ಹೊಸಾ ಸ್ಯಾಂಪಲ್ ತಗೋ.’

‘ನಾ ಯಾಕ ಹೋಗ್ಲಿ ಸರ್, ಅವರ ಕಳಸ್ತಾರ. ಅಂಗಡ್ಯಾಗಿನ ನೀರಿನ ಬಾಟ್ಲಿ ಚೀಟಿ ಹರದು ಕಳಸ್ಯಾರ. ತೆಳ್ಳಗ, ತಿಳಿ ಐತಿ, ನಮ್ಮವ್ವ ನೋಡಿದ್ರ ಚಲೋ ನೀರು ಅಂತಿದ್ಲು.’

ಇಬ್ಬರೂ ನಕ್ಕೆವು. ಗಂಗವ್ವನೂ ಒಳ್ಳೆಯ ನೀರನ್ನೇ ಕಳಿಸಿದ್ದಳು. ತನ್ನ ಬಾಣಂತಿಯರ ಪಾಲಿನದನ್ನು ಕಳಿಸಿದ್ದಳು. ಯಂತ್ರಕ್ಕೆ ಈ ಎರಡು ಬಾಟಲಿಗಳ ನಡುವೆ ಏನೂ ಫರಕು ತಿಳಿಯದು. ನೀವು ಕಲಿಯಲು ಹೊರಟಿರುವ ವಿದ್ಯೆಗೆ ಇಷ್ಟೇ ಕಣ್ಣು. ಈರಣ್ಣ ಆ ವರದಿ ಏನು ಮಾಡಿದ ಎಂದು ಕೇಳಲಿಲ್ಲ. ಅವನ ಕೆಲಸ ಉಳಿದಿದೆ ಎಂಬುದರಿಂದ ಊಹಿಸಬಹುದು.

ನಿವೃತ್ತನಾದ ಮೇಲೆ ಒಂದು ಮದುವೆಗೆಂದು ಮುಂಡರಗಿಗೆ ಹೋಗಿದ್ದೆ. ಬಸ್ ನಿಲ್ದಾಣದಲ್ಲಿ ಗದಗ ಬಸ್ಸಿಗೆ ಕಾಯುತ್ತ ಕೂತಿದ್ದಾಗ ಯಾರೋ ಬಂದು ಕಾಲು ಮುಟ್ಟಿದರು.

‘ಸರ್, ಗುರ್ತು ಸಿಕ್ಕಿತೇನ್ರಿ?’

ಮಂಜುಳಾ. ಶಿರಹಟ್ಟಿ ಕಡೆಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತಾಳಂತೆ. ಮೈ ತುಂಬಿಕೊಂಡಿದ್ದಳು, ಮಾತೂ ತುಂಬಿಕೊಂಡಿತ್ತು. ಪಕ್ಕದಲ್ಲಿ ಕೂತು ತನ್ನ ಶಾಲೆ, ತನ್ನ ಅತ್ತೆ, ತನ್ನ ಮೊಣಕಾಲು ನೋವು ಎಲ್ಲ ಹೇಳಿದಳು. ನನಗೂ ಏನಾದರೂ ಕೊಡಬೇಕು ಅನಿಸಿತು. ಒಂದು ಉಡುಗೊರೆ ಕೊಡುವ ಹಾಗೆ ಹೇಳಿದೆ:

‘ನಾ ರಿಟೈರ್ ಆಗೂತನಕ ಪ್ರತಿ ಬ್ಯಾಚಿಗೂ ನಿನ್ನ ಕಥಿ ಹೇಳೇನವಾ. ದೊಡ್ಡ ಸರ್ ಮುಂದ ನಿಂತು, ನಾ ತಗಿಯಂಗಿಲ್ಲ ಅಂದಿ ನೋಡು, ಅದನ್ನ.’

ಅವಳು ನಗಲಿಕ್ಕೆ ಹೋಗಿ ಅರ್ಧಕ್ಕೆ ನಿಂತಳು.

‘ನಾ ಹಂಗ ಅಂದಿದ್ನೇನ್ರಿ?’

‘ಅಂದಿ. ನಾ ಬಾಜೂಕ ಇದ್ದೆ.’

‘ದೊಡ್ಡ ಸರ್ ಕರದಾಗ ನೀವು ಇರಲಿಲ್ಲಲ್ರಿ ಸರ್. ಅವತ್ತು ನೀವು ರಜಾ. ಅವರು ತಗಿ ಅಂದ್ರು, ನಾ ಸುಮ್ನ ನಿಂತಿದ್ದೆ, ಹೂಂ ಅನ್ಲಿಲ್ಲ, ಊಹೂಂ ಅನ್ಲಿಲ್ಲ. ಆಮ್ಯಾಲ ನೀವ ಹೇಳಿದ್ರೆಲ್ಲಾ, ಲ್ಯಾಬಿನ್ಯಾಗ. ತೊಟ್ಟಿ ಕಡೆ ನಿಂತು. ‘ಈ ಸರ್ತಿ ತಗದ್ಬಿಡವಾ, ನಿನ್ನ ಡಿಗ್ರಿ ಬರ್ಲಿ, ಆಮ್ಯಾಲ ನೋಡೂಣಂತ’ ಅಂತ.’

‘ನಾನಾ?’

‘ಮತ್ಯಾರ್ರಿ?’ ಅವಳ ದನಿಯಲ್ಲಿ ಆರೋಪ ಇರಲಿಲ್ಲ. ಇದ್ದಿದ್ದರೆ ಸುಲಭವಾಗುತ್ತಿತ್ತು. ‘ದೊಡ್ಡ ಸರ್ ಹೇಳಿದ್ದಕ್ಕ ನಾ ತಗೀತಿರ್ಲಿಲ್ರಿ. ನೀವು ಹೇಳಿದ್ರಿ ಅಂತ ತಗದೆ. ಚಲೋನ ಆತ್ರಿ ಸರ್, ನೌಕರಿ ಸಿಕ್ತು. ಅಪ್ಪಗ ಸಮಾಧಾನ ಆತು.’

ಚೀಲದಿಂದ ನೀರಿನ ಬಾಟಲಿ ತೆಗೆದು ಮುಚ್ಚಳ ತಿರುವಿ ನನ್ನ ಕೈಗೆ ಕೊಟ್ಟಳು. ‘ಕುಡೀರಿ, ಬೆವತೀರಿ. ಫಿಲ್ಟರ್ ನೀರೈತಿ.’ ಕುಡಿದೆ.

‘ಸರ್, ಒಂದು ಕೇಳ್ಲ್ಯಾ?’

‘ಕೇಳು.’

‘ಆಮ್ಯಾಲ ನೋಡಿದ್ರೇನ್ರಿ? ಆ ಊರಿಂದು?’

ಗದಗ ಬಸ್ಸು ಬಂತು. ಜನ ಕಿಟಕಿಯಿಂದ ಕರವಸ್ತ್ರ, ಚೀಲ ಎಸೆದು ಸೀಟು ಹಿಡಿಯುತ್ತಿದ್ದರು. ಅವಳು ನನ್ನ ಚೀಲವನ್ನೂ ಒಂದು ಕಿಟಕಿಯಲ್ಲಿ ತೂರಿ ಸೀಟು ಹಿಡಿದುಕೊಟ್ಟಳು. ನಾನು ಹತ್ತಿದೆ. ಅವಳ ಪ್ರಶ್ನೆಗೆ ಏನೋ ಹೇಳಿದೆ. ಬಸ್ಸಿನ ಸದ್ದಿನಲ್ಲಿ ಅದು ಅವಳಿಗೆ ಕೇಳಿಸಿರಲಾರದು.

ಅಂದಿನಿಂದ ನೆನಪಿನಲ್ಲೇ ಆ ತೊಟ್ಟಿಯ ಹತ್ತಿರ ನಿಂತು ನೋಡುತ್ತಿದ್ದೇನೆ. ಆ ಜಾಗ ಕಾಣುತ್ತದೆ. ನಲ್ಲಿಯ ತಿರುಪಣಿ ಸಡಿಲಾಗಿ ಸೋರುತ್ತಿದ್ದದ್ದು ಕಾಣುತ್ತದೆ. ನೀರಿನ ಗಡಸುತನದ ಪರೀಕ್ಷೆಗೆ ಹಾಕುವ ಅಮೋನಿಯಾದ ಘಾಟು ಮೂಗಿಗೆ ಬರುತ್ತದೆ. ಮಂಜುಳಾ ಬರುವುದಿಲ್ಲ, ನಾನೂ ಬರುವುದಿಲ್ಲ. ಕೆಲವು ದಿನ ಇಬ್ಬರೂ ಬರುತ್ತೇವೆ, ನಾನು ಆ ಮಾತನ್ನು ಸ್ಪಷ್ಟವಾಗಿ ಆಡುತ್ತೇನೆ. ಆದರೆ ಅದು ಅವಳು ಹೇಳಿದ ಮೇಲೆ ಬಂದದ್ದೋ, ಮೊದಲಿಂದ ಇದ್ದದ್ದೋ? ‘ಆಮ್ಯಾಲ ನೋಡೂಣಂತ’ ಎನ್ನುವುದು ನನ್ನ ಮಾತಿನ ವರಸೆಯೇ, ಮನೆಯಲ್ಲೂ ಅದಕ್ಕೆ ಬೈಸಿಕೊಂಡಿದ್ದೇನೆ. ಅಷ್ಟು ಮಾತ್ರಕ್ಕೆ ಅವತ್ತು ಆಡಿದೆ ಎಂದು ಆಗುವುದಿಲ್ಲ. ಅವಳ ನೆನಪೂ ನೆನಪೇ, ಅದರ ಮೇಲೂ ಅವಳ ಕೈ ಆಡಿರುತ್ತದೆ. ತಾನೇ ಹೆದರಿ ತೆಗೆದದ್ದನ್ನು ಗುರುವಿನ ಮಾತಿಗೆ ತೆಗೆದೆ ಎಂದುಕೊಂಡರೆ ಅವಳಿಗೂ ಸಮಾಧಾನವಿದ್ದೀತು. ನಮ್ಮಿಬ್ಬರಲ್ಲಿ ಒಬ್ಬರು ಬಾಟಲಿಯನ್ನು ಸೋಸಿ ತುಂಬಿದ್ದೇವೆ. ಮತ್ತೊಮ್ಮೆ ಹೋಗಿ ಬೋರಿನ ಬಾಯಲ್ಲಿ ಹಿಡಿದು ತರೋಣ ಎಂದರೆ ಈ ಸಲ ಹೋಗುವ ಜಾಗವಿಲ್ಲ. ದೊಡ್ಡ ಸರ್ ತೀರಿಹೋದರು.

ಆ ಊರಿಗೆ ಹೋಗಬಹುದಿತ್ತು. ಮುಂಡರಗಿಯಿಂದ ಟಂಟಂ ಈಗಲೂ ಇವೆ. ಹೋಗಿಲ್ಲ. ಅಲ್ಲಿಗೆ ಘಟಕ ಆಮೇಲಾದರೂ ಬಂತೋ, ಬಂದದ್ದು ನಡೆಯುತ್ತಿದೆಯೋ, ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿಯದೆ ನಗುತ್ತಾರೋ, ಗಂಗವ್ವ ಇದ್ದಾಳೋ ಇಲ್ಲವೋ, ನನಗೆ ಗೊತ್ತಿಲ್ಲ. ಆ ಪುಟ ತೆಗಿ ಎಂದು ಹೇಳಿದವನು ನಾನೇ ಹೌದೋ ಅಲ್ಲವೋ, ಅದೂ ಗೊತ್ತಿಲ್ಲ.